ಬೆಟ್ಟದ ಹಾದಿಗೆ ಬಿದ್ದ ಬೀಗ

2019ರ ಜನವರಿಯ ಕಡುಚಳಿಯಲ್ಲಿ, ಹಗಲಿಗಿಂತ ಇರುಳೇ ಬಹುದೀರ್ಘವಾಗಿರುವ ದಿನಗಳಲ್ಲಿ, ಜಾಸ್ಮಿನ್ ಪ್ಯಾರಿಸ್ ಎಂಬ ಪಶುವೈದ್ಯೆ ಇಂಗ್ಲೆಂಡಿನ ಈಡೇಲ್ ಎಂಬ ಹಳ್ಳಿಯಿಂದ ಓಟ ಹೊರಟರು. ಓಡಬೇಕಾದ ಹಾದಿ 268 ಮೈಲಿ. ಅದರ ಹೆಸರು ಪೆನೈನ್ ವೇ. ಇಂಗ್ಲೆಂಡಿನ ಬೆನ್ನೆಲುಬಿನಂತಿರುವ ಪೆನೈನ್ ಬೆಟ್ಟಸಾಲಿನ ಮೇಲೆ ಸಾಗಿ ಅದು ಸ್ಕಾಟ್ಲೆಂಡಿನ ಗಡಿಯಾಚೆಯ ಹಳ್ಳಿಯೊಂದರಲ್ಲಿ ಕೊನೆಗೊಳ್ಳುತ್ತದೆ. ಆಕೆ 83 ಗಂಟೆ 12 ನಿಮಿಷಗಳಲ್ಲಿ ಅದನ್ನು ಮುಗಿಸಿದರು. ಓಡಿದ ಗಂಡಸರೆಲ್ಲರೂ ಹಿಂದೆ ಉಳಿದರು. ಮನೆಯಲ್ಲಿ ಹದಿನಾಲ್ಕು ತಿಂಗಳ ಹಸುಳೆಯಿದ್ದುದರಿಂದ ಆಕೆ ದಾರಿಯ ತಂಗುದಾಣಗಳಲ್ಲಿ ಎದೆಹಾಲನ್ನು ಹಿಂಡಿ ತೆಗೆದು ಮತ್ತೆ ಓಡುತ್ತಿದ್ದರಂತೆ. ಈ ಸಂಗತಿಯನ್ನು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು.

ಆ ಓಟದ ಮೊದಲ ಕೆಲವು ಮೈಲಿಗಳಲ್ಲಿಯೇ ಕಿಂಡರ್ ಸ್ಕೌಟ್ ಎಂಬ ಬೆಟ್ಟ ಎದುರಾಗುತ್ತದೆ. ಎತ್ತರ ಹೆಚ್ಚೇನಲ್ಲ, ಎರಡು ಸಾವಿರ ಅಡಿಗಿಂತ ತುಸು ಮೇಲೆ. ಆದರೆ ನೆತ್ತಿಯ ಮೇಲೆ ಶಿಖರವೆಂಬುದೇ ಕಾಣದು. ಕರಿಯ ಜೌಗುಮಣ್ಣು, ಹೆದರ್ ಎಂಬ ಕುರುಚಲು ಗಿಡ, ಗಾಳಿಮಳೆ ಕೊರೆದ ಒರಟು ಬಂಡೆಗಳು, ಇವು ಬಯಲಾಗಿ ಹರಡಿವೆ. ಪಶ್ಚಿಮದಂಚಿನಲ್ಲೊಂದು ಜಲಪಾತವಿದೆ. ಪಡುವಣ ಗಾಳಿ ಬಿರುಸಾಗಿ ಬೀಸಿದಾಗ ಬೀಳುವ ನೀರು ಹಿಂದಕ್ಕೆ ತೂರಿಹೋಗಿ ಆಕಾಶಕ್ಕೆ ಏರುವಂತೆ ತೋರುತ್ತದೆ. ಇಂದು ಯಾರು ಬೇಕಾದರೂ ಇಲ್ಲಿ ನಡೆಯಬಹುದು, ಓಡಬಹುದು. 1932ರಲ್ಲಿ ಇದೇ ಬೆಟ್ಟವನ್ನು ಏರಹೋದವರಲ್ಲಿ ಐವರು ಸೆರೆಮನೆ ಸೇರಿದರು. ಈ ಕಥೆ ತಿಳಿಯದೆ ಇಂಗ್ಲೆಂಡಿನ ಹಾದಿಗಳ ಸೊಬಗನ್ನಷ್ಟೇ ವರ್ಣಿಸಿದರೆ ಅರ್ಧ ಹೇಳಿದಂತಾಗುತ್ತದೆ.

ಹಿಂದೆ ಆ ದೇಶದ ಹಳ್ಳಿಗಳಿಗೂ ನಮ್ಮ ಗೋಮಾಳಗಳಂಥ ಭೂಮಿಗಳಿದ್ದವು. ದನಕುರಿ ಮೇಯಿಸಲು, ಸೌದೆ ತರಲು ಊರವರಿಗೆ ಅಲ್ಲಿ ವಾಡಿಕೆಯ ಹಕ್ಕಿತ್ತು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟು ಒಂದರ ಮೇಲೊಂದು ಕಾಯಿದೆ ಮಾಡಿ ಇವುಗಳಿಗೆ ಬೇಲಿ ಹಾಕಿಸಿತು. ಬಡವರ ಹುಲ್ಲುಗಾವಲು ದೊಡ್ಡವರ ಜಹಗೀರಾಯಿತು. ಪೆನೈನ್ ಬೆಟ್ಟಗಳ ಮೇಲೆ ಗ್ರೌಸ್ ಎಂಬ ಕಾಡುಕೋಳಿಯಂಥ ಹಕ್ಕಿ ಹೆಚ್ಚು. ವರ್ಷವರ್ಷವೂ ಆಗಸ್ಟ್ 12ರಿಂದ ಅದರ ಬೇಟೆಯ ಕಾಲ. ಕೆಲವಾರಗಳ ಆ ವಿನೋದಕ್ಕಾಗಿ ವರ್ಷಪೂರ್ತಿ ಬೆಟ್ಟ ಕಾಯಲು ಕಾವಲುಗಾರರನ್ನು ನೇಮಿಸಿದರು.

ಬೆಟ್ಟದ ಬುಡದಲ್ಲಿಯೇ ಮ್ಯಾಂಚೆಸ್ಟರ್, ಶೆಫೀಲ್ಡ್‌ನಂಥ ಗಿರಣಿಯ ನಗರಗಳು. ವಾರವೆಲ್ಲ ಹೊಗೆ ಕುಡಿದ ಕೂಲಿಕಾರನಿಗೆ ಭಾನುವಾರ ಕಾಣುತ್ತಿದ್ದ ಹಸಿರೆಂದರೆ ಈ ಬೆಟ್ಟಗಳೇ. ಕಾಲುದಾರಿಗಳನ್ನು ಉಳಿಸಿಕೊಳ್ಳಲು ಮ್ಯಾಂಚೆಸ್ಟರಿನಲ್ಲಿ 1826ರಷ್ಟು ಹಿಂದೆಯೇ ಸಂಘವೊಂದು ಹುಟ್ಟಿತ್ತು. ಜಮೀನುದಾರರೊಡನೆ ದೀರ್ಘ ಮಾತುಕತೆ ನಡೆದು 1897ರಲ್ಲಿ ಕಿಂಡರ್ ಪಕ್ಕದಲ್ಲಿ ಒಂದೇ ಒಂದು ದಾರಿ ತೆರೆಯಿತು. ಆ ದಾರಿ ಬಿಟ್ಟು ಅಡಿ ಕದಲಿಸುವಂತಿರಲಿಲ್ಲ.

1932ರ ಏಪ್ರಿಲ್ 24, ಭಾನುವಾರ. ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತು ವರ್ಷದ ಮ್ಯಾಂಚೆಸ್ಟರಿನ ಹುಡುಗ ಹೇಫೀಲ್ಡ್ ಹಳ್ಳಿಗೆ ಸೈಕಲ್ ತುಳಿದು ಬಂದ. ರೈಲು ನಿಲ್ದಾಣದಲ್ಲಿ ಪೊಲೀಸರು ತನಗಾಗಿ ಕಾದಿರುವರೆಂದು ಅವನಿಗೆ ಗೊತ್ತಿತ್ತು. ಊರ ಹೊರಗಿನ ಕಲ್ಲುಗಣಿಯಲ್ಲಿ ನಾನೂರರಷ್ಟು ಜನ ಸೇರಿದ್ದರು. ಗೊತ್ತಾಗಿದ್ದ ಭಾಷಣಕಾರ ಹಿಂಜರಿದುದರಿಂದ ಇವನೇ ಬಂಡೆಯ ಮೇಲೆ ನಿಂತು ಮಾತನಾಡಿದ. ಹಾಡುತ್ತ ಎಲ್ಲರೂ ಕಣಿವೆಯಲ್ಲಿ ಮೇಲೇರಿ, ನಡುವೆ ದಾರಿ ಬಿಟ್ಟು ಬೆಟ್ಟದ ಇಳಿಜಾರಿಗೆ ನುಗ್ಗಿದರು. ಕಾವಲುಗಾರರೊಡನೆ ತಳ್ಳಾಟವಾಯಿತು. ಒಬ್ಬ ಕಾವಲುಗಾರನ ಕಾಲಿಗೆ ಪೆಟ್ಟಾಯಿತು. ಮೇಲೆ ಶೆಫೀಲ್ಡ್ ಕಡೆಯಿಂದ ಬಂದ ಗುಂಪನ್ನು ಕೂಡಿ, ಸಂತೋಷಪಟ್ಟು, ಬಂದ ಹಾದಿಯಲ್ಲಿಯೇ ಇಳಿದರು. ಕೆಳಗೆ ಪೊಲೀಸರು ಕಾದಿದ್ದರು.

ಬೇರೆಯವರ ನೆಲದಲ್ಲಿ ಸುಮ್ಮನೆ ಕಾಲಿಡುವುದು ಅಲ್ಲಿಯ ಕಾನೂನಿನಲ್ಲಿ ಅಪರಾಧವಲ್ಲ. ಆದುದರಿಂದ ದೊಂಬಿಯ ಆಪಾದನೆ ಹೊರಿಸಿದರು. ಡರ್ಬಿಯ ನ್ಯಾಯಾಲಯದಲ್ಲಿ ಪಂಚರಾಗಿ ಕುಳಿತವರಲ್ಲಿ ಹೆಚ್ಚಿನವರು ಜಮೀನುದಾರರು ಮತ್ತು ಸೈನ್ಯಾಧಿಕಾರಿಗಳು. ಎರಡರಿಂದ ಆರು ತಿಂಗಳವರೆಗೆ ಶಿಕ್ಷೆಯಾಯಿತು. ರಾಥ್‌ಮನ್‌ಗೆ ನಾಲ್ಕು ತಿಂಗಳು. ಹಳೆಯ ಪಾದಚಾರಿ ಸಂಘಗಳು ಈ ಹುಡುಗರ ಬೆನ್ನಿಗೆ ನಿಂತಿರಲಿಲ್ಲವೆಂಬುದನ್ನೂ ಹೇಳಬೇಕು. ತಾವು ಶತಮಾನದಿಂದ ಅರ್ಜಿ ಬರೆದು ಗಳಿಸಿದ ಸದಭಿಪ್ರಾಯ ಒಂದು ಮಧ್ಯಾಹ್ನದಲ್ಲಿ ಕೆಡುವುದೆಂಬ ಭಯ ಅವರದು. ಭಯ ನಿರಾಧಾರವೇನಲ್ಲ. ಆದರೆ ತೀರ್ಪಿನ ಕಾಠಿಣ್ಯವನ್ನು ಕಂಡಮೇಲೆ ಅವರಲ್ಲಿಯೂ ಅನೇಕರ ಮನಸ್ಸು ತಿರುಗಿತು.

ಈಗ ಇನ್ನೊಂದು ಬೆಟ್ಟಸಾಲಿಗೆ ಹೋಗೋಣ. ಕಿಂಡರ್‌ಗೆ ವಾಯವ್ಯದಲ್ಲಿ, ನೂರು ಮೈಲಿಯೊಳಗೆ, ಸರೋವರಗಳ ಸೀಮೆಯಿದೆ. ಅಲ್ಲಿ ಬೆಟ್ಟಕ್ಕೆ 'ಫೆಲ್' ಎನ್ನುತ್ತಾರೆ. ಸಾವಿರ ವರ್ಷದ ಹಿಂದೆ ಕಡಲು ದಾಟಿ ಬಂದ ನಾರ್ಸ್ ಜನರು ಬಿಟ್ಟುಹೋದ ಮಾತು. ಒಂದು ನುಡಿ ಸತ್ತರೂ ಅದರ ಸ್ಥಳನಾಮಗಳು ಬೆಟ್ಟದ ಮೇಲೆ ಕುಳಿತೇ ಇರುತ್ತವೆ. ಅದೇ 1932ರ ಜೂನ್ 13ರಂದು, ರಾಥ್‌ಮನ್ ವಿಚಾರಣೆಗೆ ಕಾದಿದ್ದಾಗ, ಕೆಸಿಕ್ ಊರಿನ ಬಾಬ್ ಗ್ರಹಾಂ ಎಂಬ ವಸತಿಗೃಹದ ಯಜಮಾನರು ರಾತ್ರಿ ಒಂದು ಗಂಟೆಗೆ ಪೇಟೆಯ ಮಧ್ಯದಿಂದ ಹೊರಟು, ಸುತ್ತಲಿನ 42 ಶಿಖರಗಳನ್ನು ಏರಿಳಿದು, 23 ಗಂಟೆ 39 ನಿಮಿಷಗಳಲ್ಲಿ ಅದೇ ಜಾಗಕ್ಕೆ ಮರಳಿದರು. ವಯಸ್ಸು ನಲವತ್ತು ದಾಟಿತ್ತು. ಕಾಲಿಗೆ ಟೆನಿಸ್ ಬೂಟು, ಮೈಮೇಲೆ ಪೈಜಾಮದ ಅಂಗಿ, ಆಹಾರಕ್ಕೆ ಬೆಣ್ಣೆ ಸವರಿದ ರೊಟ್ಟಿ, ಬೇಯಿಸಿದ ಮೊಟ್ಟೆ, ಹಣ್ಣು, ಮಿಠಾಯಿ. ನಮ್ಮ ಶಾಲೆಯ ವ್ಯಾಯಾಮ ಶಿಕ್ಷಕರಿಗೆ ಇದನ್ನು ಹೇಳಿದೆ, ಅವರು ನಂಬಲೊಲ್ಲರು. 1960ರವರೆಗೆ ಮತ್ತಾರಿಗೂ ಇದು ಸಾಧ್ಯವಾಗಲಿಲ್ಲ. ಈಗ ಎರಡು ಸಾವಿರಕ್ಕೂ ಹೆಚ್ಚು ಮಂದಿ ಆ ಸುತ್ತನ್ನು ಒಂದು ದಿನದೊಳಗೆ ಓಡಿ ಮುಗಿಸಿದ್ದಾರೆ. ಜಾಸ್ಮಿನ್ ಪ್ಯಾರಿಸ್ 2016ರಲ್ಲಿ 15 ಗಂಟೆ 24 ನಿಮಿಷಗಳಲ್ಲಿ ಓಡಿದ್ದು ಆಗ ಹೆಂಗಸರ ದಾಖಲೆಯಾಗಿತ್ತು.

ಗ್ರಹಾಂ ಅವರನ್ನು ಯಾವ ಕಾವಲುಗಾರನೂ ತಡೆಯಲಿಲ್ಲ. ಏಕೆ? ಆ ಸೀಮೆಯ ಬೆಟ್ಟಗಳಲ್ಲಿ ಬಹುಭಾಗ ಬೇಲಿ ಕಾಣದ ಕುರಿಗಾವಲಾಗಿ ಉಳಿದಿತ್ತು. ಇನ್ನೊಂದು ಕಾರಣ ಮನಸ್ಸನ್ನು ತಟ್ಟುವಂಥದು. ಮೊದಲನೆಯ ಮಹಾಯುದ್ಧ ಮುಗಿದಾಗ ಊರೂರಲ್ಲಿ ಮಡಿದವರ ಹೆಸರಿನ ಕಲ್ಲು ನೆಟ್ಟರು. ಇಂಗ್ಲೆಂಡಿನ ಅತ್ಯುನ್ನತ ಶಿಖರವಾದ ಸ್ಕಾಫೆಲ್ ಪೈಕ್‌ನ ಒಡೆಯನೊಬ್ಬ ಮಾತ್ರ ಅದರ ನೆತ್ತಿಯನ್ನೇ ಸ್ಮಾರಕವಾಗಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಕೊಟ್ಟ. ಅಲ್ಲಿಯ ಬೆಟ್ಟ ಹತ್ತುವವರ ಕ್ಲಬ್ಬು ಯುದ್ಧದಲ್ಲಿ ತನ್ನ ಇಪ್ಪತ್ತು ಸದಸ್ಯರನ್ನು ಕಳೆದುಕೊಂಡಿತ್ತು. ಅದು ಗ್ರೇಟ್ ಗೇಬಲ್ ಮೊದಲಾದ ಶಿಖರಗಳ ಸುಮಾರು 3,000 ಎಕರೆಯನ್ನು ಕೊಂಡು ಅದೇ ಟ್ರಸ್ಟಿಗೆ ಒಪ್ಪಿಸಿತು. ಈ ಎರಡು ಶಿಖರಗಳೂ ಗ್ರಹಾಂ ಅವರ ಸುತ್ತಿನಲ್ಲಿ ಸೇರಿವೆ. ಒಂದೇ ದೇಶ, ಒಂದೇ ಬೇಸಗೆ. ಒಂದೆಡೆ ಸತ್ತವರಿಗಾಗಿ ಬೆಟ್ಟ ತೆರೆದಿತ್ತು, ಇನ್ನೊಂದೆಡೆ ಹಕ್ಕಿಯ ಬೇಟೆಗಾಗಿ ಮುಚ್ಚಿತ್ತು.

ಕಾನೂನು ನಿಧಾನವಾಗಿ ಬಂತು. ಇಪ್ಪತ್ತು ವರ್ಷ ಜನರು ತಡೆಯಿಲ್ಲದೆ, ತಮ್ಮ ಹಕ್ಕೆಂದೇ ನಡೆದ ದಾರಿ ಸಾರ್ವಜನಿಕವೆಂದು ಊಹಿಸುವ ಕಾಯಿದೆ 1932ರದೇ. ಎರಡನೆಯ ಯುದ್ಧದ ನಂತರ, 1949ರ ಕಾಯಿದೆಯು ರಾಷ್ಟ್ರೀಯ ಉದ್ಯಾನಗಳಿಗೆ ಅವಕಾಶ ಮಾಡಿ, ಪ್ರತಿ ಜಿಲ್ಲೆಯ ಕಾಲುದಾರಿಗಳನ್ನೂ ಅಧಿಕೃತ ನಕ್ಷೆಯಲ್ಲಿ ಬರೆಯಬೇಕೆಂದು ವಿಧಿಸಿತು. 1951ರಲ್ಲಿ ಮೊದಲನೆಯ ರಾಷ್ಟ್ರೀಯ ಉದ್ಯಾನವಾದದ್ದು ಕಿಂಡರ್ ಇರುವ ಪೀಕ್ ಪ್ರದೇಶವೇ. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ ಇಂದು ಇಂಥ ಹಕ್ಕಿನ ಹಾದಿಗಳು ಸುಮಾರು 1,40,000 ಮೈಲಿ ಇವೆ. ನಕ್ಷೆಗೆ ಸೇರದೆ ತಪ್ಪಿಹೋದವೂ ಇವೆ. 2020ರಲ್ಲಿ ರ‍್ಯಾಂಬ್ಲರ್ಸ್ ಎಂಬ ಪಾದಚಾರಿಗಳ ಸಂಸ್ಥೆ ಸ್ವಯಂಸೇವಕರಿಂದ ಹಳೆಯ ನಕ್ಷೆಗಳನ್ನು ಹೋಲಿಸಿನೋಡಿಸಿ, ಅಂಥವು 49,000 ಮೈಲಿಗೂ ಹೆಚ್ಚೆಂದು ಲೆಕ್ಕ ಹಾಕಿತು. ಹಳಗನ್ನಡದಲ್ಲಿ ದಾರಿಗೆ 'ಬಟ್ಟೆ' ಎನ್ನುತ್ತಿದ್ದರು. ಉಡದ ಬಟ್ಟೆಯಾದರೂ ಪೆಟ್ಟಿಗೆಯಲ್ಲಿ ಉಳಿದೀತು, ನಡೆಯದ ಬಟ್ಟೆ ಮುಳ್ಳುಕಂಟಿಯಲ್ಲಿ ಮುಚ್ಚಿಹೋಗುತ್ತದೆ.

ಪೆನೈನ್ ವೇ ಹುಟ್ಟಿದ್ದು ಒಂದು ಪತ್ರದಿಂದ. ಅಮೆರಿಕದ ಇಬ್ಬರು ಹುಡುಗಿಯರು, ತಮ್ಮಲ್ಲಿರುವಂಥ ಉದ್ದನೆಯ ಕಾಲುದಾರಿ ನಿಮ್ಮಲ್ಲಿದೆಯೇ ಎಂದು ಟಾಮ್ ಸ್ಟೀಫನ್‌ಸನ್ ಎಂಬ ಪತ್ರಕರ್ತರನ್ನು ಕೇಳಿದರು. ಇರಲಿಲ್ಲ. 1935ರಲ್ಲಿ ಅವರು ಡೈಲಿ ಹೆರಾಲ್ಡ್ ಪತ್ರಿಕೆಯಲ್ಲಿ ಅಂಥದೊಂದು ಬೇಕೆಂದು ಬರೆದರು. ಬರಹ ಹಾದಿಯಾಗಲು ಮೂವತ್ತು ವರ್ಷ ಬೇಕಾಯಿತು. ಅದು ವಿಧ್ಯುಕ್ತವಾಗಿ ತೆರೆದ ದಿನ 1965ರ ಏಪ್ರಿಲ್ 24. ಕಿಂಡರ್ ಏರಿದ ದಿನವೂ ಏಪ್ರಿಲ್ 24 ಎಂಬುದನ್ನು ಓದುಗರು ಮರೆತಿರಲಾರರು.

ಹಾದಿಯಲ್ಲಷ್ಟೇ ಅಲ್ಲದೆ ನಕ್ಷೆಯಲ್ಲಿ ಗುರುತಿಸಿದ ತೆರೆದ ಬೆಟ್ಟಬಯಲುಗಳಲ್ಲಿಯೂ ಮನಬಂದಂತೆ ತಿರುಗಾಡುವ ಹಕ್ಕು 2000ದ ಕಾಯಿದೆಯಿಂದ ದೊರೆಯಿತು. 2002ರ ಏಪ್ರಿಲ್‌ನಲ್ಲಿ, ಎಪ್ಪತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಹೇಫೀಲ್ಡ್ ಬಳಿ ಜನ ಮತ್ತೆ ಸೇರಿದರು. 1932ರಲ್ಲಿ ಕಿಂಡರ್‌ನ ಒಡೆಯರಾಗಿದ್ದ ಡೆವನ್‌ಶೈರ್ ಡ್ಯೂಕರ ಮೊಮ್ಮಗ, ತಾವೇ ಆಗ ಡ್ಯೂಕರಾಗಿದ್ದವರು, ಅಲ್ಲಿಗೆ ಬಂದು, ತಮ್ಮ ಅಜ್ಜ ಮಾಡಿದ್ದು ದೊಡ್ಡ ತಪ್ಪೆಂದು ಎಲ್ಲರೆದುರಿಗೆ ಕ್ಷಮೆ ಬೇಡಿದರು. ಬೆನ್ನಿ ರಾಥ್‌ಮನ್ ಅದನ್ನು ಕೇಳಲಿಲ್ಲ. ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಅದೇ ವರ್ಷದ ಜನವರಿಯಲ್ಲಿ, ಅವರು ತೀರಿಕೊಂಡಿದ್ದರು.