ಬದುವಿನ ತಂಗಡಿಯ ಹಳೇ ಲೆಕ್ಕ

ಜೆಸಿಬಿ ತರಿಸಿ ಬದು ಕ್ಲೀನ್ ಮಾಡಿಸೋರು ಮೊದಲು ಕೀಳಿಸೋದು ತಂಗಡಿಯನ್ನೇ. ಕೆಲವು ಕಡೆ ಇದಕ್ಕೆ ಆವರಿಕೆ ಅಂತಾರೆ. ಶಿರಾ, ಮಧುಗಿರಿ, ಪಾವಗಡದ ಕಡೆ ಎಲ್ಲರಿಗೂ ಗೊತ್ತಿರೋ ಗಿಡ. ಯಾರೂ ನೀರು ಹಾಕದಿದ್ದರೂ ಬೇಸಿಗೆಯಲ್ಲಿ ಹಸಿರಾಗಿರುತ್ತೆ, ಗೊಂಚಲು ಗೊಂಚಲು ಹಳದಿ ಹೂ ಬಿಡುತ್ತೆ. "ಅದರಿಂದ ಏನು ಉಪಯೋಗ?" ಅಂತ ಕೇಳ್ತಾರೆ. ಇದರ ತೊಗಟೆಗೆ ಲಂಡನ್ ತನಕ ಬೆಲೆ ಇದ್ದ ಕಾಲವೊಂದಿತ್ತು.

ಅಡಿಕೆ ಬೇಯಿಸಿದಾಗ ಬರೋ ಚೊಗರು ಗೊತ್ತಲ್ಲ, ಆ ಒಗರು ತಂಗಡಿ ತೊಗಟೆಯಲ್ಲೂ ಇದೆ. ಅದೇ ಟ್ಯಾನಿನ್, ನೂರಕ್ಕೆ ಸುಮಾರು 18 ಭಾಗ. ಹಸಿ ಚರ್ಮ ಕೊಳೆಯದಂತೆ ಹದ ಮಾಡೋದು ಅದೇ. ಟಿಪ್ಪು ತೀರಿಕೊಂಡ ಮರುವರ್ಷ, ಅಂದ್ರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ. ಬೆಂಗಳೂರಿನ ಹತ್ತಿರ ಮಾದಿಗರು ಈ ತೊಗಟೆಯಿಂದ ಚರ್ಮ ಹದ ಮಾಡೋದನ್ನ ಬರೆದಿಟ್ಟಿದ್ದಾನೆ.

ಇದು ಬರೀ ಚಪ್ಪಲಿಯ ಕಥೆ ಅಂದ್ಕೋಬೇಡಿ. ಪಂಪ್‌ಸೆಟ್ ಬರೋಕೆ ಮುಂಚೆ ಕಪಿಲೆ ಬಾವಿಯಿಂದ ನೀರೆತ್ತಿದ್ದು ಚರ್ಮದ ಚೀಲ. ಅದು ಹರಿದ ದಿನ ತೋಟಕ್ಕೆ ನೀರಿಲ್ಲ. ಒಕ್ಕಲುತನ ನಿಂತಿದ್ದೇ ಆ ಕಸುಬಿನವರ ಕೈ ಮೇಲೆ. ಹಾಗಿದ್ದೂ ಅವರನ್ನ ಊರಾಚೆ ಇಟ್ವಿ. ಗಿಡದ ಚರಿತ್ರೆ ಹೇಳುವಾಗ ಈ ಮಾತು ಬಿಟ್ಟು ಹೇಳೋದು ನ್ಯಾಯ ಅಲ್ಲ.

ಆಮೇಲೆ ಮದರಾಸಿನ ವ್ಯಾಪಾರ ಬೆಳೀತು. ತಂಗಡಿಯಲ್ಲಿ ಅರೆಹದ ಮಾಡಿದ ಚರ್ಮ 'ಈಸ್ಟ್ ಇಂಡಿಯಾ ಕಿಪ್ಸ್' ಅನ್ನೋ ಹೆಸರಲ್ಲಿ ಹಡಗು ಹತ್ತಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಅದೇ ಚರ್ಮ. ಬೂಟು ಹಾಕಿದವನಿಗೆ ತಂಗಡಿ ಹೆಸರು ಗೊತ್ತಿರಲಿಲ್ಲ ಬಿಡಿ.

ಬೆಲೆ ಬಿದ್ದಿದ್ದು ಗಿಡ ಕೆಟ್ಟಿದ್ದಕ್ಕಲ್ಲ. ದಕ್ಷಿಣ ಆಫ್ರಿಕಾದ ನೆಟಾಲ್‌ನಿಂದ ವಾಟಲ್ ಮರದ ತೊಗಟೆ ಬರೋಕೆ ಶುರುವಾಯ್ತು. ಅದರಲ್ಲಿ ಟ್ಯಾನಿನ್ ಜಾಸ್ತಿ, ತೋಪು ಮಾಡಿ ಬೆಳೆದಿದ್ದರಿಂದ ಒಂದೇ ಕಡೆ ರಾಶಿ ರಾಶಿ ಸಿಗೋದು. ಇಲ್ಲಿ ಬದು ಬದು ಅಲೆದು ಕಡ್ಡಿ ಸುಲೀಬೇಕಿತ್ತು. ಇನ್ನೊಂದು ಕಡೆ ಕ್ರೋಮ್ ಹದ. ಮದರಾಸಿನಲ್ಲಿ ಅದನ್ನ ಪ್ರಯೋಗ ಮಾಡಿ ಹಬ್ಬಿಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದಲ್ಲೇ ಕೈಗಾರಿಕಾ ನಿರ್ದೇಶಕನಾದ. ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯೋ ಕೆಲಸ ಕ್ರೋಮ್‌ನಲ್ಲಿ ಬೇಗ ಮುಗೀತಿತ್ತು. ಆ ನೀರು ಹರಿದ ಕಡೆ ಬಾವಿಗಳ ಗತಿ ಏನಾಯ್ತು ಅಂತ ವೆಲ್ಲೂರು ಕಡೆಯ ರೈತರನ್ನ ಕೇಳಿ.

ಮಾರುಕಟ್ಟೆ ಹೋದ ಮೇಲೂ ಇದರ ಸೊಪ್ಪು ಗದ್ದೆಗೆ ತುಳಿಯೋ ಗೊಬ್ಬರವಾಗಿತ್ತು. (ದ್ವಿದಳದ ಜಾತಿಯಾದರೂ ಬೇರಲ್ಲಿ ಸಾರಜನಕದ ಗಂಟು ಕಟ್ಟಲ್ಲ. ಗೊಬ್ಬರ ಸೊಪ್ಪಿಂದಲೇ, ಬೇರಿಂದಲ್ಲ.) ಬತುಕಮ್ಮನಿಗೆ ಈ ಹೂ ಬೇಕೇ ಬೇಕು ಅನ್ನೋ ತೆಲಂಗಾಣದವರು ಇದನ್ನ ತಮ್ಮ ರಾಜ್ಯದ ಹೂವನ್ನೇ ಮಾಡ್ಕೊಂಡರು.

ಹಿತ್ತಲಲ್ಲೋ ಬೇಲಿ ಸಾಲಲ್ಲೋ ಬೆಳೆಸೋರು ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಣಗಿದಾಗ ಬೀಜ ಬಿಡಿಸಿಡಿ. ಸಿಪ್ಪೆ ಗಟ್ಟಿ. ಒಲೆಯಿಂದ ಇಳಿಸಿದ ಬಿಸಿನೀರಿಗೆ ಹಾಕಿ, ಆರಿದ ಮೇಲೆ ರಾತ್ರಿಯೆಲ್ಲಾ ನೆನೆಯೋಕೆ ಬಿಡಿ. ಮುಂಗಾರು ಹಿಡಿದಾಗ ನೇರ ನೆಲಕ್ಕೇ ಊರಿ, ಬೇರು ಆಳಕ್ಕೆ ಇಳಿಯುತ್ತೆ. ನೀರು ನಿಲ್ಲೋ ಜಾಗ ಬೇಡ. ಮೊದಲ ವರ್ಷ ಕಳೆ ತೆಗೆದರೆ ಸಾಕು, ಆಮೇಲೆ ವರ್ಷಕ್ಕೊಮ್ಮೆ ಸವರಿ, ಸೊಪ್ಪನ್ನ ತೆಂಗಿನ ಬುಡಕ್ಕೆ ಹಾಕಿ.