ದಾಯಾದಿ

ದಾಯವೆಂದರೆ ಹಿರಿಯರಿಂದ ಬರುವ ಸ್ವತ್ತು. ಅದನ್ನು ಪಡೆಯುವವನು ದಾಯಾದ. ಸಂಸ್ಕೃತದ ಈ ದಾಯಾದನೇ ಕನ್ನಡದ ದಾಯಾದಿ. ಮೂಲದಲ್ಲಿ ಹಕ್ಕನ್ನಷ್ಟೇ ಹೇಳುತ್ತಿದ್ದ ಪದಕ್ಕೆ ಬಳಕೆಯಲ್ಲಿ ಕಲಹ, ಮತ್ಸರ ಅಂಟಿಕೊಂಡವು. ಕೌರವ ಪಾಂಡವರು ದಾಯಾದಿಗಳು. ಪತ್ರಿಕೆಗಳಿಗೆ ಪಾಕಿಸ್ತಾನವೂ ದಾಯಾದಿ. ಸಾವಿನ ಮನೆಯಲ್ಲಿ ಮಾತ್ರ ಪದ ಜಗಳ ಮರೆತು, ಪೂರ್ತಿ ಸೂತಕ ಯಾರ್ಯಾರಿಗೆ ಎಂಬ ಲೆಕ್ಕ ಹೇಳುತ್ತದೆ. ಆ ಲೆಕ್ಕದಲ್ಲಿ ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ. ಮದುವೆಯಾಗಿ ಹೋದ ಮಗಳು ಬರುವುದಿಲ್ಲ.

ಹಿಂದೂ ಕಾನೂನಿನ ದಾಯಾದಿಗೆ ರೂಪ ಕೊಟ್ಟದ್ದು ಇಂದಿನ ಬಸವಕಲ್ಯಾಣ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನ ಬರೆದು, ತಂದೆಯ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. ಸಪಿಂಡರೆಂದರೆ ಪಿಂಡ ಇಡುವವರಲ್ಲ, ಒಂದೇ ದೇಹದ ಅಂಶ ಹಂಚಿಕೊಂಡವರು ಎಂದು ಬಿಡಿಸಿ ಹೇಳಿದವನೂ ಅವನೇ. ದೇಹದ ಅಂಶ ಮಗಳಲ್ಲೂ ಇದೆ. ಆದರೂ ಹುಟ್ಟಿನ ಹಕ್ಕು ಅವಳಿಗೆ ದಕ್ಕಲು ಸುಮಾರು ಒಂಬೈನೂರು ವರ್ಷ ಹಿಡಿಯಿತು. ಕರಾವಳಿಯ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ತಾಯಿಯ ಸಾಲಿನಲ್ಲೇ ಇಳಿಯುತ್ತಿತ್ತು ಎಂಬುದನ್ನು ನೆನೆದರೆ, ಈ ತಡಕ್ಕೆ ಪ್ರಕೃತಿಯ ನಿಯಮವೇನೂ ಕಾರಣವಲ್ಲವೆಂಬುದು ಸ್ಪಷ್ಟ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ತಂದೆಯ ವಾರಸುದಾರಳನ್ನಾಗಿ ಮಾಡಿತು, ಹುಟ್ಟಿನಿಂದಲೇ ಹಕ್ಕುಳ್ಳ ದಾಯಾದಿಯನ್ನಾಗಿ ಅಲ್ಲ. ಆ ಹೆಜ್ಜೆಯನ್ನು ಕರ್ನಾಟಕ 1994ರ ತಿದ್ದುಪಡಿಯಲ್ಲಿ ಇಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಪಾಲು, ಇನ್ನೊಬ್ಬಳಿಗೆ ಇಲ್ಲ ಎಂಬ ಈ ಅನ್ಯಾಯ 2005ರ ಕೇಂದ್ರ ತಿದ್ದುಪಡಿಯಿಂದ ತೊಲಗಿತು. ಆಮೇಲೂ ತಕರಾರು ಉಳಿಯಿತು. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕು ಎಂದಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು: ಹಕ್ಕು ಹುಟ್ಟಿನಿಂದ ಬರುವಾಗ ತಂದೆ ಇದ್ದರೇನು, ಇಲ್ಲದಿದ್ದರೇನು?

ಪದ ಇನ್ನೂ ಇಷ್ಟು ದೂರ ಬಂದಿಲ್ಲ. ಊರುಗಳಲ್ಲಿ ಅಣ್ಣತಮ್ಮಂದಿರು ದಾಯಾದಿಗಳು. ಅಕ್ಕತಂಗಿಯರಿಗೆ ಅರಿಶಿನ ಕುಂಕುಮ. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುತ್ತದೆ. ಸೇರಿದರೆ ಅದರ ಬೆನ್ನಿಗೇ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗುತ್ತದೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಾಕಿದ ರುಜುವನ್ನು ಒಪ್ಪಿಗೆ ಎನ್ನುವುದು ಕಷ್ಟ.

ಮದುವೆಯಾಗಿ ಬಂದ ಹೆಣ್ಣಿಗೆ ಕಾನೂನಿನಲ್ಲೂ ಈ ಪದ ಸಲ್ಲುವುದಿಲ್ಲ. ಗಂಡ ಮತ್ತು ಮಕ್ಕಳ ನಡುವೆ ವಿಭಾಗವಾದರೆ ‘ಮಿತಾಕ್ಷರಾ’ದ ಪ್ರಕಾರ ಹೆಂಡತಿಗೂ ಒಂದು ಪಾಲುಂಟು. ವಿಭಾಗ ಮಾಡಿ ಎಂದು ತಾನಾಗಿ ಕೇಳುವ ಹಕ್ಕಿಲ್ಲ.