ರಕ್ತಸಾಕ್ಷಿ ಮತ್ತು ವರಪ್ರಸಾದ: ಮೈಸೂರಿನ ಫಿಲೋಮಿನಾ ಆರಾಧನೆ

ಮೈಸೂರು ಅರಮನೆಯ ದಕ್ಷಿಣಕ್ಕೆ ಅಗ್ರಹಾರ, ಉತ್ತರಕ್ಕೆ ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ಚರ್ಚು. ಅಗ್ರಹಾರವೆಂಬ ಪದದಲ್ಲಿಯೇ ರಾಜದಾನದ ಸ್ಮೃತಿ ಉಳಿದಿದೆ. ಚರ್ಚಿಗೂ ಅರಸರ ಆಶ್ರಯವಿತ್ತು: ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ನಿರ್ಮಾಣವಾದ ಹಳೆಯ ಚರ್ಚಿನ ನೆಲೆಯಲ್ಲಿ 1933ರಲ್ಲಿ ನಾಲ್ವಡಿಯವರು ಹೊಸದಕ್ಕೆ ಅಡಿಗಲ್ಲನ್ನಿಟ್ಟರು. ಆದರೆ ಅಲ್ಲಿನ ಭಕ್ತಿಯ ಕೇಂದ್ರವು ದಾನವಲ್ಲ, ಬಲಿದಾನ. 1926ರಲ್ಲಿ ಹುಜೂರ್ ಕಾರ್ಯದರ್ಶಿ ತಂಬುಚೆಟ್ಟಿಯವರು ತರಿಸಿದ ಸಂತಳ ಪವಿತ್ರ ಅವಶೇಷವೇ ಈ ನಿರ್ಮಾಣಕ್ಕೆ ಪ್ರೇರಣೆ. ನೆಲಮಾಳಿಗೆಯಲ್ಲಿ ಮಲಗಿದ ಭಂಗಿಯ ಅವಳ ಪ್ರತಿಮೆಯಿದೆ.

ಇದನ್ನು ‘ಕೆರೆಗೆ ಹಾರ’ದ ಭಾಗೀರಥಿಯೊಡನೆ ಹೋಲಿಸುವುದು ಜಾನಪದ ವಿದ್ವಾಂಸರಿಗೆ ಸಹಜವಾದ ಪ್ರಲೋಭನೆ. ಇಬ್ಬರೂ ಎಳೆಯ ಹೆಣ್ಣುಗಳು, ಇಬ್ಬರ ಸಾವಿನಿಂದಲೂ ಸಮುದಾಯಕ್ಕೆ ಒಳಿತು. ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಭಾಗೀರಥಿಯನ್ನು ಯಾರೂ ಕೇಳಲಿಲ್ಲ. ಮನೆಯವರು ನಿರ್ಧರಿಸಿದರು, ಕೆರೆಗೆ ನೀರು ಬಂತು. ಕ್ರೈಸ್ತ ರಕ್ತಸಾಕ್ಷಿಯಾದರೋ ವಿಶ್ವಾಸವನ್ನು ಬಿಡೆನೆಂದು ಸ್ವತಃ ಸಾವನ್ನು ಒಪ್ಪಿಕೊಂಡವಳು. ಅವಳ ರಕ್ತ ವರಪ್ರಸಾದವನ್ನು ಕೊಳ್ಳುವ ಬೆಲೆಯೂ ಅಲ್ಲ. ಕ್ರಿಸ್ತನ ಬಲಿ ಒಮ್ಮೆಗೇ ಪೂರ್ಣವಾದುದು. ಸಂತರ ಪುಣ್ಯವೆಲ್ಲ ಅದರಿಂದಲೇ ಹುಟ್ಟಿದುದು. ಈ ಆಧ್ಯಾತ್ಮಿಕ ಸಂಪತ್ತನ್ನು ಆರನೆಯ ಕ್ಲೆಮೆಂಟ್ ಪೋಪರು 1343ರಲ್ಲಿ ಧರ್ಮಸಭೆಯ ಅಕ್ಷಯ ಭಂಡಾರವೆಂದು ನಿರೂಪಿಸಿದರು. ಹರಕೆಯ ಕೊಡು-ಕೊಳ್ಳುವಿಕೆಗೆ ಒಗ್ಗಿದ ನಮ್ಮ ನೆಲದಲ್ಲಿ ಈ ಸೂಕ್ಷ್ಮ ಎಷ್ಟರಮಟ್ಟಿಗೆ ಇಳಿಯಿತೆಂಬುದು ಬೇರೆ ಮಾತು.

ಫಿಲೋಮಿನಾಳ ಚರಿತ್ರೆಯ ಆಧಾರ ಅತ್ಯಲ್ಪ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಗೋರಿಗಳಲ್ಲಿ ಹುಡುಗಿಯೊಬ್ಬಳ ಮೂಳೆಗಳು ದೊರೆತವು. ಗೋರಿ ಮುಚ್ಚಿದ್ದ ಮೂರು ಹಂಚುಗಳ ಮೇಲಿನ ಅಕ್ಷರಗಳನ್ನು ಸ್ಥಾನಪಲ್ಲಟಗೊಳಿಸಿ ಓದಿದಾಗ ಹೆಸರು ಹೊರಟಿತು. ಅರಸನ ಕೋರಿಕೆಯನ್ನು ತಿರಸ್ಕರಿಸಿ ಸತ್ತ ರಾಜಕುಮಾರಿಯ ಕಥೆ ಬಂದದ್ದು ನೇಪಲ್ಸಿನ ಸಂನ್ಯಾಸಿನಿಯೊಬ್ಬರ ದರ್ಶನಗಳಿಂದ. ಆ ಸಂಶೋಧನೆ ಜಾನಪದ ಕಥನವಾಗಿ ಬೆಳೆದ ವೇಗ ಬೆರಗು ಹುಟ್ಟಿಸುವಂತಹದು. 1961ರಲ್ಲಿ ರೋಮ್ ಅವಳ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ತೆಗೆದುಹಾಕಿತು.

ಮೈಸೂರಿನಲ್ಲಿ ಹೆಸರು ಅಳಿಯಲಿಲ್ಲ. ಧರ್ಮಪ್ರಾಂತದ ಪ್ರಧಾನಾಲಯವು ಸಂತ ಜೋಸೆಫರೊಡನೆ ಅವಳ ಹೆಸರನ್ನೂ ಹೊತ್ತಿದೆ. ಪಂಚಾಂಗದ ತೀರ್ಮಾನವನ್ನು ಅರಿಯದ ಅನ್ಯಮತೀಯರೂ ನೆಲಮಾಳಿಗೆಯ ಮೆಟ್ಟಿಲಿಳಿದು ಆ ಪ್ರತಿಮೆಯ ಎದುರು ನಿಲ್ಲುತ್ತಾರೆ.